'ರನ್' ಪದದ ಅರ್ಥಗಳನ್ನೆಲ್ಲ ಬಾಯಿಪಾಠ ಮಾಡಬೇಕೇ?

"ರನ್ ಎಂದರೆ ಓಡು ಎಂದು ಐದನೇ ತರಗತಿಯಲ್ಲಿ ಕಲಿತೆ. ಈಗ ಕೆಲಸಕ್ಕೆ ಸೇರಿದ ಮೇಲೆ ನೋಡಿದರೆ ಅಂಗಡಿಗೂ ರನ್, ಮೂಗಿಗೂ ರನ್, ಚುನಾವಣೆಗೂ ರನ್, ಕಂಪ್ಯೂಟರಿಗೂ ರನ್. ಒಂದೇ ಪದಕ್ಕೆ ಇಷ್ಟು ಅರ್ಥ ಏಕೆ? ಎಲ್ಲವನ್ನೂ ಬಾಯಿಪಾಠ ಮಾಡಬೇಕೇ? ನಮ್ಮ ಕನ್ನಡದಲ್ಲಿ ಈ ಗೊಂದಲ ಇಲ್ಲವಲ್ಲ" ಎಂದು ಕೇಳಿದ್ದೀರಿ. ಅರ್ಥವಾಗದ ಒಂದು ವಾಕ್ಯವನ್ನೂ ಕೊಟ್ಟಿದ್ದೀರಿ: "ದ ವೆಲ್ ರ‍್ಯಾನ್ ಡ್ರೈ ಆಫ್ಟರ್ ಎ ಲಾಂಗ್ ರನ್ ಆಫ್ ಹಾಟ್ ಡೇಸ್." ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಬಾಯಿಪಾಠ ಬೇಡ. ಕನ್ನಡದಲ್ಲಿ ಈ ಗೊಂದಲ ಇಲ್ಲ ಎಂಬ ನಿಮ್ಮ ಮಾತನ್ನು ಮಾತ್ರ ನಾನು ಒಪ್ಪಲಾರೆ. ಒಪ್ಪದಿರುವುದರಲ್ಲೇ ನಿಮಗೆ ಬೇಕಾದ ಉತ್ತರವೂ ಇದೆ.

ನಾನು ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಬಹಳ ವರ್ಷ ಇಂಗ್ಲಿಷ್ ಕಲಿಸಿದವನು. ಒಮ್ಮೆ ಒಂಬತ್ತನೇ ತರಗತಿಯಲ್ಲಿ, ಪಾಠದ ಹುಡುಗಿಗೆ ನೆಗಡಿಯಾಗಿ ಮೂಗು 'ರನ್' ಆಗುತ್ತಿದೆ ಎಂಬ ವಾಕ್ಯ ಬಂತು. ಅರ್ಥ ಹೇಳಲು ಎದ್ದು ನಿಂತ ವಿದ್ಯಾರ್ಥಿನಿ "ಅವಳ ಮೂಗು ಓಡುತ್ತಿತ್ತು" ಎಂದಳು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆ ಹುಡುಗಿ ಅದಾದ ಮೇಲೆ ಎಷ್ಟೋ ದಿನ ಬಾಯಿ ಬಿಡಲಿಲ್ಲ. ಆ ನಗುವನ್ನು ನೆನೆದರೆ ಇವತ್ತಿಗೂ ನನ್ನ ಮನಸ್ಸು ನೋಯುತ್ತದೆ, ಏಕೆಂದರೆ ತಪ್ಪು ಅವಳದಲ್ಲ. ರನ್ ಎಂದರೆ ಓಡು, ಮುಗಿಯಿತು, ಎಂದು ಅವಳಿಗೆ ಕಲಿಸಿದವರು ನಾವು. ಆ ಪದದ ಒಂದು ಮೂಲೆಯನ್ನು ತೋರಿಸಿ ಇದೇ ಇಡೀ ಮನೆ ಎಂದು ಹೇಳಿದ್ದೆವು.

ಮನೆ ಎಷ್ಟು ದೊಡ್ಡದು ಎಂದು ಮೊದಲು ಹೇಳುತ್ತೇನೆ, ಹೆದರಬೇಡಿ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಸಂಪಾದಕರಲ್ಲಿ ಒಬ್ಬರಾದ ಪೀಟರ್ ಗಿಲಿವರ್ ಈ ಒಂದು ಪದದ ಪರಿಷ್ಕರಣೆಗೆ ಒಂಬತ್ತು ತಿಂಗಳು ಕುಳಿತರು. 2011ರ ಹೊತ್ತಿಗೆ ಆ ಕೆಲಸ ಹೊರಬಂದಾಗ, ಕ್ರಿಯಾಪದವಾಗಿ ರನ್ ಎಂಬುದಕ್ಕೇ 645 ಅರ್ಥಗಳು ಲೆಕ್ಕಕ್ಕೆ ಸಿಕ್ಕಿದ್ದವು. ನಾಮಪದದ ಅರ್ಥಗಳು ಬೇರೆ. ಅದಕ್ಕೂ ಮೊದಲು, ಅತಿ ಹೆಚ್ಚು ಅರ್ಥಗಳಿರುವ ಪದವೆಂಬ ಹಿರಿಮೆ 'ಸೆಟ್' ಎಂಬ ಪದದ್ದಾಗಿತ್ತು. 1989ರಲ್ಲಿ 20 ಸಂಪುಟಗಳಲ್ಲಿ ಬಂದ ಅದೇ ನಿಘಂಟಿನ ಎರಡನೇ ಆವೃತ್ತಿಯಲ್ಲಿ ಸೆಟ್ ಕ್ರಿಯಾಪದಕ್ಕೆ ಸುಮಾರು 430 ಅರ್ಥಗಳಿದ್ದವು. ಅವುಗಳ ವಿವರಣೆಯೇ 60,000 ಪದಗಳಷ್ಟು ಉದ್ದವಿತ್ತು. ಹುಟ್ಟಿನಿಂದ ಇಂಗ್ಲಿಷ್ ಆಡುವವರೂ ಆ 645ನ್ನು ಬಾಯಿಪಾಠ ಮಾಡಿಲ್ಲ. ಎಷ್ಟು ಅರ್ಥಗಳಿವೆ ಎಂದು ಕೇಳಿದರೆ ಅವರಲ್ಲಿ ಹೆಚ್ಚಿನವರು ಹತ್ತೋ ಹದಿನೈದೋ ಹೇಳಿಯಾರು. ಆದರೂ ಬಳಸುವಾಗ ತಡವರಿಸುವುದಿಲ್ಲ. ಹೇಗೆ?

ಈಗ ನಮ್ಮ ಮನೆಗೆ ಬನ್ನಿ. 'ಹಿಡಿ' ಎಂಬ ಪದವನ್ನು ತೆಗೆದುಕೊಳ್ಳಿ. ಕೋಲು ಹಿಡಿಯುತ್ತೇವೆ, ಕೈಯಿಂದ. ಬಸ್ಸನ್ನೂ ಹಿಡಿಯುತ್ತೇವೆ, ಆದರೆ ಬಸ್ಸಿಗೆ ಕೈ ತಾಗಿಸುವುದೂ ಇಲ್ಲ. ಮಳೆ ಹಿಡಿದುಕೊಳ್ಳುತ್ತದೆ. ಕಬ್ಬಿಣಕ್ಕೆ ತುಕ್ಕು, ಚಂದ್ರನಿಗೆ ಗ್ರಹಣ, ಮಗುವಿಗೆ ಹಠ ಹಿಡಿಯುತ್ತದೆ, ಅಲ್ಲ, ಹಠವನ್ನು ಮಗುವೇ ಹಿಡಿಯುತ್ತದೆ; ನೋಡಿ, ಅಲ್ಲೂ ಒಂದು ಸೂಕ್ಷ್ಮವಿದೆ. ಒಲೆಯ ಮೇಲಿನ ಪಾಯಸ ತಳ ಹಿಡಿಯುತ್ತದೆ. ಆ ಕೊಡ ಎಷ್ಟು ನೀರು ಹಿಡಿಯುತ್ತದೆ, ಊರು ಮುಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಕೇಳುತ್ತೇವೆ. ಭಾರ ಎತ್ತಿದರೆ ಸೊಂಟ ಹಿಡಿದುಕೊಳ್ಳುತ್ತದೆ. ರಜೆ ಹಾಕಿದರೆ ಸಂಬಳದಲ್ಲಿ ಹಿಡಿದುಕೊಳ್ಳುತ್ತಾರೆ. ಇವುಗಳಲ್ಲಿ ಒಂದನ್ನಾದರೂ ನೀವು ಬಾಯಿಪಾಠ ಮಾಡಿ ಕಲಿತಿರಾ? ಕನ್ನಡ ಕಲಿಯಲು ಬಂದ ಹೊರನಾಡಿನವರೊಬ್ಬರು 'ಹಿಡಿ ಎಂದರೆ ಕೈಯಲ್ಲಿ ಇಟ್ಟುಕೊಳ್ಳುವುದು' ಎಂದಷ್ಟೇ ಕಲಿತು ಬಂದರೆ, ತಳ ಹಿಡಿದ ಪಾಯಸದ ಮುಂದೆ ಅವರ ಪಾಡು ಮೂಗಿನ ಮುಂದೆ ನಿಂತ ನನ್ನ ವಿದ್ಯಾರ್ಥಿನಿಯದೇ ಆಗುತ್ತದೆ.

ಹಾಕು, ಬಿಡು, ಕಟ್ಟು, ಹೊಡೆ, ಎಲ್ಲವೂ ಹೀಗೆಯೇ. ಬಾಗಿಲು ಹಾಕಿದರೆ ಮುಚ್ಚಿದಂತೆ, ಅಂಗಿ ಹಾಕಿದರೆ ತೊಟ್ಟಂತೆ, ಹಸು ಕರು ಹಾಕಿದರೆ ಈದಂತೆ. ಬಳಸಿ ಬಳಸಿ ಸವೆದ ಚಿಕ್ಕ ಪದಗಳೇ ಎಲ್ಲ ಭಾಷೆಗಳಲ್ಲೂ ಹೆಚ್ಚು ಹೊರೆ ಹೊರುವುದು.

ಆದರೆ ರನ್ ಪದಕ್ಕೆ ಕನ್ನಡದ ಜೋಡಿ ಹಿಡಿ ಅಲ್ಲ, ಓಡು ಕೂಡ ಅಲ್ಲ. ನನ್ನ ತಿಳಿವಳಿಕೆಯಲ್ಲಿ ಅದರ ನಿಜವಾದ ಜೋಡಿ 'ಹರಿ'. ಇದನ್ನು ಕಂಡುಕೊಂಡ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಇಂಗ್ಲಿಷಿನ ರನ್ ಬಂದದ್ದು ಹಳೆಯ ಇಂಗ್ಲಿಷಿನ 'ರಿನ್ನನ್' ಮತ್ತು ಅದರ ಒಡಹುಟ್ಟಿದ ರೂಪಗಳಿಂದ. ಆ ಪದಕ್ಕೆ ಹರಿಯುವುದು, ಓಡುವುದು ಎರಡೂ ಅರ್ಥ. ಅದರ ಬಂಧುಗಳು ಜರ್ಮನ್ ಭಾಷೆಯಲ್ಲಿ ಈಗಲೂ ಇವೆ: ನೀರು ಸಣ್ಣಗೆ ಹರಿಯುವುದಕ್ಕೆ 'ರಿನ್ನೆನ್', ಕಾಲಿನಿಂದ ಓಡುವುದಕ್ಕೆ 'ರೆನ್ನೆನ್'. ಜರ್ಮನ್ ಎರಡು ಪದಗಳಲ್ಲಿ ಇಟ್ಟುಕೊಂಡದ್ದನ್ನು ಇಂಗ್ಲಿಷ್ ಒಂದೇ ಪದದಲ್ಲಿ ತುಂಬಿತು. ಅಂದರೆ ಮೂಗು ರನ್ ಆಗುವುದು ಆಮೇಲೆ ಅಂಟಿಸಿಕೊಂಡ ವಿಚಿತ್ರ ಅರ್ಥವಲ್ಲ. ನೀರು ಹರಿಯುವ ಅರ್ಥ ಆ ಪದದ ಬುಡದಲ್ಲೇ ಇತ್ತು.

ಈಗ ಹಳಗನ್ನಡಕ್ಕೆ ಹೋಗಿ. ಪಾಲು ಹಾಲಾದಂತೆ, ಪೂ ಹೂವಾದಂತೆ, ಇಂದಿನ 'ಹರಿ' ಅಂದು 'ಪರಿ' ಆಗಿತ್ತು. ಆ ಪರಿ ಎಂಬುದಕ್ಕೂ ಹರಿಯುವುದು, ಓಡುವುದು ಎರಡೂ ಅರ್ಥ. 'ಪರಿತರ್' ಎಂದರೆ ಓಡಿ ಬರುವುದು. ಎಲ್ಲಿಯ ಇಂಗ್ಲಿಷ್, ಎಲ್ಲಿಯ ಕನ್ನಡ? ಎರಡಕ್ಕೂ ರಕ್ತಸಂಬಂಧವಿಲ್ಲ. ಆದರೂ ನೀರಿನ ಹರಿವಿನಲ್ಲೂ ಕಾಲಿನ ಓಟದಲ್ಲೂ ಇಬ್ಬರ ಪೂರ್ವಿಕರು ಕಂಡದ್ದು ಒಂದೇ ಚಿತ್ರ: ನಿಲ್ಲದೆ, ತನ್ನದೇ ಜಾಡಿನಲ್ಲಿ, ಮುಂದಕ್ಕೆ ಸಾಗುವುದು. ಕಾಲಿನ ಓಟವನ್ನು ನಾವು ಆಮೇಲೆ 'ಓಡು' ಎಂಬುದಕ್ಕೆ ಬಿಟ್ಟುಕೊಟ್ಟೆವು. ಹರಿ ನೀರಿನ ಕಡೆಗೆ ವಾಲಿತು. ಆದರೆ ಹಳೆಯ ಅರ್ಥ ಪೂರ್ತಿ ಅಳಿಯಲಿಲ್ಲ. ಹಾವು ಹರಿಯುತ್ತದೆ. ಸುದ್ದಿ ಹರಿದಾಡುತ್ತದೆ. ಬೆಳಕು ಹರಿಯುತ್ತದೆ. 'ಲಾರಿ ಹರಿದು ವ್ಯಕ್ತಿ ಸಾವು' ಎಂಬ ಪತ್ರಿಕೆಯ ತಲೆಬರಹವನ್ನು ನೆನೆಯಿರಿ. ಇಂಗ್ಲಿಷ್ ಪತ್ರಿಕೆ ಅಲ್ಲಿ ಬರೆಯುವುದು 'ರನ್ ಓವರ್' ಎಂದೇ. ಸಂಗೀತ ಆ ಮನೆಯವರ ರಕ್ತದಲ್ಲೇ ಹರಿದು ಬಂದಿದೆ ಎಂದು ನಾವು ಹೇಳುವಲ್ಲಿ ಅವರೂ ಅದು ಕುಟುಂಬದಲ್ಲಿ ರನ್ ಆಗುತ್ತದೆ ಎನ್ನುತ್ತಾರೆ.

ಒಂದು ಎಚ್ಚರಿಕೆ. ಬಟ್ಟೆ ಹರಿಯಿತು ಎನ್ನುವಾಗಿನ ಹರಿ ಬೇರೆಯದು. ಬರೋ ಮತ್ತು ಎಮೆನೊ ಅವರ ದ್ರಾವಿಡ ವ್ಯುತ್ಪತ್ತಿ ಕೋಶ, ತುಂಡಾಗುವ ಹರಿಯನ್ನೂ ಓಡುವ ಹರಿಯನ್ನೂ ಎರಡು ಪ್ರತ್ಯೇಕ ಬೇರುಗಳಾಗಿಯೇ ಕೊಡುತ್ತದೆ. ವಿಷ್ಣುವಿನ ಹೆಸರಾದ ಹರಿಯಂತೂ ಸಂಸ್ಕೃತದ್ದು. ಒಂದು ಪದಕ್ಕೆ ಹಲವು ಅರ್ಥ ಬೆಳೆಯುವುದು ಒಂದು ಸಂಗತಿ. ಬೇರೆ ಬೇರೆ ಪದಗಳು ಕಾಲಕ್ರಮದಲ್ಲಿ ಒಂದೇ ಸದ್ದಿಗೆ ಬಂದು ನಿಲ್ಲುವುದು ಇನ್ನೊಂದು. ರನ್ ಮೊದಲನೆಯ ಬಗೆಯದು. ಅದರ ಅರ್ಥಗಳೆಲ್ಲ ಒಂದೇ ಬೇರಿನ ಕೊಂಬೆಗಳು, ಆದ್ದರಿಂದ ಬೇರನ್ನು ಹಿಡಿದರೆ ಕೊಂಬೆಗಳು ಕೈಗೆ ಬರುತ್ತವೆ.

ಹಾಗಾದರೆ ಆ ಪದ ಈಚಿನ ಕಾಲದಲ್ಲಿ ಇಷ್ಟು ಉಬ್ಬಿದ್ದೇಕೆ? ಮುಖ್ಯ ಕಾರಣ ಯಂತ್ರ. ಕೈಗಾರಿಕಾ ಕ್ರಾಂತಿಯ ನಂತರ ಉಗಿಯಂತ್ರ, ರೈಲು, ಗಿರಣಿ, ಮೋಟಾರು ಬಂದವು. ಒಮ್ಮೆ ಚಾಲೂ ಮಾಡಿದರೆ ತಮ್ಮಷ್ಟಕ್ಕೆ ಸಾಗುವ ಇವುಗಳಿಗೆ ಇಂಗ್ಲಿಷರ ಬಳಿ ರನ್ ಎಂಬ ಪದ ಸಿದ್ಧವಾಗಿತ್ತು. ಯಂತ್ರಕ್ಕೆ ಹೊಂದಿದ್ದು ಕಾರ್ಖಾನೆಗೂ ಕಾರ್ಖಾನೆ ನಡೆಸುವವರಿಗೂ ಹೊಂದಿತು. ಕಂಪ್ಯೂಟರ್ ಬಂದಾಗ ಪ್ರೋಗ್ರಾಮಿಗೂ ಅದೇ ಪದ ದಕ್ಕಿತು. ಕ್ರಿಕೆಟ್ಟಿನ ಕಥೆಯೂ ಇಂಥದೇ. 22 ಗಜದ ಪಿಚ್ಚಿನ ಎರಡು ತುದಿಗಳ ನಡುವೆ ಬ್ಯಾಟರ್‌ಗಳು ನಿಜವಾಗಿ ಓಡುವುದರಿಂದ ಅದು ರನ್ ಆಯಿತು. ಚೆಂಡು ಬೌಂಡರಿ ಮುಟ್ಟಿದರೆ ಯಾರೂ ಒಂದು ಹೆಜ್ಜೆ ಓಡದೆಯೂ ನಾಲ್ಕು ರನ್ ಸಿಗುತ್ತದೆ. ಕ್ರಿಯೆಯ ಹೆಸರು ಎಣಿಕೆಯ ಹೆಸರಾದದ್ದು ಹೀಗೆ.

ಈಗ ನೀವು ಕೇಳಿದ ಅಂಗಡಿಗೆ ಬರೋಣ. ಇಂಗ್ಲಿಷರು ಅಂಗಡಿಯನ್ನು ಓಡಿಸುತ್ತಾರೆ, ನಾವು ನಡೆಸುತ್ತೇವೆ. ಅಂಗಡಿ, ಶಾಲೆ, ಸರ್ಕಾರ, ಸಂಸಾರ, ಎಲ್ಲವೂ ಕನ್ನಡದಲ್ಲಿ ನಡೆಯುತ್ತವೆ. ಚಿತ್ರ ಒಂದೇ, ವೇಗ ಮಾತ್ರ ಬೇರೆ. ಪುಟದ ಮೇಲೆ ಅವರು ಕಣ್ಣನ್ನು ಓಡಿಸುತ್ತಾರೆ, ನಾವು ಕಣ್ಣಾಡಿಸುತ್ತೇವೆ. ಮಗುವಿನ ತಲೆಯ ಮೇಲೆ ಕೈಯಾಡಿಸುತ್ತೇವೆ. ಚುನಾವಣೆಯದು ಇನ್ನೂ ಸ್ವಾರಸ್ಯ. ಅಮೆರಿಕದ ಇಂಗ್ಲಿಷಿನಲ್ಲಿ ಅಭ್ಯರ್ಥಿ ಓಡುತ್ತಾನೆ. ಬ್ರಿಟನ್ನಿನಲ್ಲಿ ಅದೇ ಅಭ್ಯರ್ಥಿ ನಮ್ಮವರಂತೆ ನಿಲ್ಲುತ್ತಾನೆ. ಒಂದೇ ಭಾಷೆಯವರೇ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಓಡಿಸುತ್ತಿರುವಾಗ ನಿಮಗೆ ಗೊಂದಲವಾದದ್ದರಲ್ಲಿ ತಪ್ಪೇನಿದೆ?

ಬೇಲಿಯೂ ರಸ್ತೆಯೂ ರನ್ ಆಗುವುದನ್ನು ಕಂಡು ಕೆಲವರು ಬೆಚ್ಚುತ್ತಾರೆ. 'ಈ ರಸ್ತೆ ಹಾಸನಕ್ಕೆ ಹೋಗುತ್ತದೆ' ಎನ್ನುವಾಗ ರಸ್ತೆ ಎಲ್ಲಿಗೂ ಹೋಗುವುದಿಲ್ಲ, ಹೋಗುವುದು ನಮ್ಮ ಕಣ್ಣು. ಅಲ್ಲೂ ಅಷ್ಟೇ.

ನಾನು ಮಕ್ಕಳಿಗೆ ಆಮೇಲೆ ಕಲಿಸಿದ ದಾರಿ ಇದು. ರನ್ ಕಂಡ ಕೂಡಲೇ ಅದನ್ನು ನೋಡಬೇಡಿ, ಅದರ ಅಕ್ಕಪಕ್ಕ ನೋಡಿ. ರನ್ ಆಗುತ್ತಿರುವುದು ಏನು? ದ್ರವವಾದರೆ ಹರಿ ಅಥವಾ ಸೋರು. ಹೊಸ ಬಟ್ಟೆಯ ಬಣ್ಣವಾದರೆ ಬಿಡು. ಸಂಸ್ಥೆಯಾದರೆ ನಡೆಸು. ಸಿನಿಮಾ ಆದರೆ ನಮ್ಮಲ್ಲೂ ನೂರು ದಿನ ಓಡುತ್ತದೆ, ಅಲ್ಲಿ ತಲೆ ಕೆಡಿಸಿಕೊಳ್ಳುವುದೇ ಬೇಡ. ಬ್ಯಾಂಕಿನ ಮೇಲೆ ರನ್ ಎಂದಿದ್ದರೆ, ಹಣ ಹಿಂಪಡೆಯಲು ಠೇವಣಿದಾರರೆಲ್ಲ ಒಟ್ಟಿಗೆ ಮುಗಿಬಿದ್ದಿದ್ದಾರೆ ಎಂದು. ಹಿಂದೆ 'ಔಟ್' ಅಂಟಿಕೊಂಡಿದ್ದರೆ ಏನೋ ಮುಗಿದುಹೋಗುತ್ತಿದೆ, ಹಾಲೋ ಸಮಯವೋ ತಾಳ್ಮೆಯೋ. 'ಇಂಟು' ಇದ್ದರೆ ಯಾರೋ ಎದುರಾದರು ಅಥವಾ ಯಾವುದೋ ಡಿಕ್ಕಿ ಹೊಡೆಯಿತು. ಪುಸ್ತಕದಲ್ಲಿ ಬರೆದುಕೊಳ್ಳುವುದಾದರೆ ರನ್ ಎಂದು ಮೇಲೆ ಬರೆದು ಕೆಳಗೆ ಅರ್ಥಗಳನ್ನು ಪೇರಿಸಬೇಡಿ. ಒಂದು ಪುಟಕ್ಕೆ ಹರಿ, ಇನ್ನೊಂದಕ್ಕೆ ನಡೆಸು, ಮತ್ತೊಂದಕ್ಕೆ ಮುಗಿ ಎಂದು ಕನ್ನಡದ ಹೆಸರಿಡಿ. ಸಿಕ್ಕ ವಾಕ್ಯವನ್ನು ಪೂರ್ತಿಯಾಗಿ ಆ ಪುಟದಲ್ಲಿ ಬರೆಯಿರಿ. ಒಂಟಿ ಪದ ಮರೆತುಹೋಗುತ್ತದೆ, ವಾಕ್ಯ ಉಳಿಯುತ್ತದೆ.

ಇನ್ನು ನಿಮ್ಮ ವಾಕ್ಯ. ಅದರಲ್ಲಿ ಎರಡು ರನ್‌ಗಳಿವೆ. ಮೊದಲನೆಯದರ ಪಕ್ಕದಲ್ಲಿ ಬಾವಿ ಇದೆ, ಹಿಂದೆಯೇ 'ಡ್ರೈ' ಇದೆ. ಬಾವಿ ಓಡಲಾರದು, ಹರಿದು ಬರುತ್ತಿದ್ದ ನೀರು ನಿಂತಿತು, ಅಂದರೆ ಬತ್ತಿತು. ಎರಡನೆಯದು ನಾಮಪದ, ಅದರ ಪಕ್ಕ ದಿನಗಳಿವೆ. ಕಡಿಯದೆ ಒಂದರ ಹಿಂದೆ ಒಂದು ಬಂದ ದಿನಗಳು, ಅಲ್ಲೂ ಅದೇ ಹರಿವಿನ ಚಿತ್ರ. "ಒಂದೇ ಸಮನೆ ಎಷ್ಟೋ ದಿನ ಬಿಸಿಲು ಕಾದು ಬಾವಿ ಬತ್ತಿಹೋಯಿತು." ನಾನಾದರೆ ಹೀಗೆ ಬರೆಯುತ್ತಿದ್ದೆ. ಇದೇ ರೀತಿ ನಿಮ್ಮನ್ನು ತಡೆದ ಬೇರೆ ವಾಕ್ಯಗಳಿದ್ದರೆ ಇಲ್ಲೇ ಕೆಳಗೆ ಬರೆಯಿರಿ, ಬಿಡಿಸೋಣ.