ಐವತ್ತೈದು ದಾಟಿದ ಮೇಲೆ ಬರವಣಿಗೆ ಶುರು ಮಾಡಿ ದೊಡ್ಡ ಕಾದಂಬರಿಕಾರರಾದವರು ಇದ್ದಾರಾ?

ಇದ್ದಾರೆ. ನನಗೆ ಮೊದಲು ನೆನಪಾಗುವುದು ಇಂಗ್ಲೆಂಡಿನ ಪೆನೆಲೊಪಿ ಫಿಟ್ಜೆರಾಲ್ಡ್. ಮೊದಲ ಪುಸ್ತಕ ಬಂದಾಗ ಅವರಿಗೆ 58 ವರ್ಷ. ಅದು ಒಬ್ಬ ಚಿತ್ರಕಾರನ ಜೀವನಚರಿತ್ರೆ. ಮೊದಲ ಕಾದಂಬರಿ ಬಂದಾಗ 60. ಬುಕರ್ ಪ್ರಶಸ್ತಿ ಸಿಕ್ಕಾಗ 62.

ನಿಮ್ಮ ಪ್ರಶ್ನೆಗೆ ಇಷ್ಟೇ ಸಾಕು. ಆದರೆ ಅಷ್ಟು ವರ್ಷ ಅವರು ಏನು ಮಾಡುತ್ತಿದ್ದರು ಅನ್ನುವುದನ್ನೂ ಹೇಳಲೇಬೇಕು.

ಹುಟ್ಟಿದ್ದು 1916ರಲ್ಲಿ, ಲಿಂಕನ್ ಊರಿನಲ್ಲಿ. ಮನೆ ತುಂಬ ಓದುಬರಹದವರು. ತಂದೆ ಎಡ್ಮಂಡ್ ನಾಕ್ಸ್ 'ಪಂಚ್' ಹಾಸ್ಯಪತ್ರಿಕೆಯ ಸಂಪಾದಕರಾಗಿದ್ದರು. ಒಬ್ಬ ಚಿಕ್ಕಪ್ಪ ಎರಡೂ ಮಹಾಯುದ್ಧಗಳಲ್ಲಿ ಶತ್ರುಗಳ ಗುಪ್ತ ಸಂದೇಶ ಬಿಡಿಸಿದವರು. ಇನ್ನೊಬ್ಬರು ಬೈಬಲ್ ಅನುವಾದಿಸಿದ ಪಾದ್ರಿ. ಪೆನೆಲೊಪಿ ಆಕ್ಸ್‌ಫರ್ಡಿನಲ್ಲಿ ಓದಿ ಫಸ್ಟ್ ಕ್ಲಾಸಿನಲ್ಲಿ ಪಾಸಾದರು. ಇಂಥವರು ಮೂವತ್ತರೊಳಗೇ ನಾಲ್ಕು ಪುಸ್ತಕ ಬರೆದುಬಿಡುತ್ತಾರೆ ಅನ್ನಿಸುತ್ತದೆ, ಅಲ್ವಾ?

ಹಾಗಾಗಲಿಲ್ಲ. ಯುದ್ಧದ ಹೊತ್ತಿಗೆ ಬಿಬಿಸಿಯಲ್ಲಿ ಕೆಲಸ. 1942ರಲ್ಲಿ ಸೈನ್ಯದಲ್ಲಿದ್ದ ಡೆಸ್ಮಂಡ್ ಜೊತೆ ಮದುವೆ. ಯುದ್ಧ ಮುಗಿಸಿ ಬಂದ ಗಂಡ ಕುಡಿತಕ್ಕೆ ಬಿದ್ದರು. ವಕೀಲರಾಗಿದ್ದವರು ಚೆಕ್‌ಗಳಿಗೆ ಕಳ್ಳಸಹಿ ಹಾಕಿ ಸಿಕ್ಕಿಬಿದ್ದು, 1962ರಲ್ಲಿ ವಕೀಲಿಕೆಯನ್ನೇ ಕಳೆದುಕೊಂಡರು. ಮೂರು ಮಕ್ಕಳು, ಕೈಯಲ್ಲಿ ದುಡ್ಡಿಲ್ಲ. ಥೇಮ್ಸ್ ನದಿಯಲ್ಲಿ ಕಟ್ಟಿಹಾಕಿದ್ದ, ನೀರು ಸೋರುವ ಹಳೆಯ ದೋಣಿಯೊಂದರಲ್ಲಿ ಸಂಸಾರ. ಉಬ್ಬರ ಬಂದಾಗ ಮನೆ ತೇಲುತ್ತಿತ್ತು, ಇಳಿದಾಗ ಕೆಸರಿನಲ್ಲಿ ಕೂರುತ್ತಿತ್ತು. 1963ರಲ್ಲಿ ಅದೂ ಮುಳುಗಿತು. ಪುಸ್ತಕ, ಕಾಗದಪತ್ರ ಎಲ್ಲ ನೀರುಪಾಲು. ಕೊನೆಗೆ ಬಡವರಿಗೆಂದು ಸ್ಥಳೀಯ ಆಡಳಿತ ಕೊಡುವ ಬಾಡಿಗೆ ಮನೆ ಸಿಕ್ಕಿತು.

ಸಂಸಾರ ನಡೆದದ್ದು ಪೆನೆಲೊಪಿಯವರ ಮೇಷ್ಟ್ರುಗಿರಿಯಿಂದ. ವರ್ಷಗಟ್ಟಲೆ ಪರೀಕ್ಷೆಗೆ ಕೂರುವ ಮಕ್ಕಳಿಗೆ ಇಂಗ್ಲಿಷ್ ಸಾಹಿತ್ಯ ಪಾಠ ಮಾಡಿದರು. ಆ ಕೆಲಸ ಅವರಿಗೆ ಹೊರೆಯಾಗಿತ್ತು ನಿಜ. ಆದರೆ ಒಳ್ಳೆಯ ಕಾದಂಬರಿಗಳನ್ನು ಮತ್ತೆ ಮತ್ತೆ, ಸಾಲು ಸಾಲಾಗಿ ಬಿಡಿಸಿ ಓದಿಸಿದ್ದು ಸುಮ್ನೆ ಹೋಗಲಿಲ್ಲ ಎಂದು ನಾನು ನಂಬುತ್ತೇನೆ. ಅವರ ಬರಹದಲ್ಲಿ ಜಾಸ್ತಿಯಾದ ಒಂದು ವಾಕ್ಯ ಹುಡುಕಿದರೂ ಸಿಗುವುದಿಲ್ಲ.

ಮೊದಲ ಕಾದಂಬರಿ ಹುಟ್ಟಿದ್ದು ಹೇಗೆ ಗೊತ್ತಾ? ಕ್ಯಾನ್ಸರ್ ಆಗಿ ಮಲಗಿದ್ದ ಗಂಡನ ಮನಸ್ಸಿಗೆ ಒಂದಿಷ್ಟು ಗೆಲುವಾಗಲಿ ಎಂದು ಬರೆದ ಪತ್ತೇದಾರಿ ಕಥೆ ಅದು. ಮ್ಯೂಸಿಯಂ ಒಂದರಲ್ಲಿ ನಡೆಯುತ್ತದೆ. 1977ರಲ್ಲಿ ಪುಸ್ತಕವಾಗಿ ಬರುವ ಹೊತ್ತಿಗೆ ಗಂಡ ತೀರಿಕೊಂಡಿದ್ದರು. ಅಷ್ಟೆಲ್ಲ ಕಷ್ಟ ಕೊಟ್ಟ ಗಂಡನಿಗಾಗಿಯೇ ಮೊದಲ ಕಾದಂಬರಿ ಬರೆದರಲ್ಲ, ಅದನ್ನು ನೆನೆದಾಗಲೆಲ್ಲ ನನಗೆ ಅವರ ಮೇಲೆ ಪ್ರೀತಿ ಹೆಚ್ಚುತ್ತದೆ.

ಆಮೇಲೆ ತಡವೇ ಇಲ್ಲ. ಹಿಂದೆ ಇಂಗ್ಲೆಂಡಿನ ಸಫೋಕ್ ಕರಾವಳಿಯ ಪುಟ್ಟ ಊರಿನ ಪುಸ್ತಕದಂಗಡಿಯಲ್ಲೂ ಕೆಲಸ ಮಾಡಿದ್ದರು, ಅದರಿಂದ 'ದ ಬುಕ್‌ಶಾಪ್' ಕಾದಂಬರಿ. ಮುಳುಗಿದ ದೋಣಿಯಿಂದ 'ಆಫ್‌ಶೋರ್'. 1979ರಲ್ಲಿ ಬುಕರ್ ಗೆದ್ದದ್ದು ಇದೇ. ಬಿಬಿಸಿಯ ದಿನಗಳಿಂದ ಒಂದು, ನಾಟಕದ ಶಾಲೆಯಲ್ಲಿ ಪಾಠ ಹೇಳಿದ್ದರಿಂದ ಇನ್ನೊಂದು.

ನನಗೆ ಎಲ್ಲಕ್ಕಿಂತ ದೊಡ್ಡದು ಅನ್ನಿಸುವುದು ಇದರ ಮುಂದಿನದು. ಎಪ್ಪತ್ತರ ಹೊಸ್ತಿಲಲ್ಲಿ ಅವರು ಸ್ವಂತ ಬದುಕಿನ ಸರಕನ್ನು ಪಕ್ಕಕ್ಕಿಟ್ಟರು. ಇಟಲಿ, ಕ್ರಾಂತಿಗೆ ಮುಂಚಿನ ಮಾಸ್ಕೋ, 1912ರ ಕೇಂಬ್ರಿಜ್ ಬಗ್ಗೆ ಬರೆದರು. ಕೊನೆಯದು 1995ರ 'ದ ಬ್ಲೂ ಫ್ಲವರ್', 18ನೇ ಶತಮಾನದ ಜರ್ಮನ್ ಕವಿ ನೊವಾಲಿಸ್ ತರುಣನಾಗಿದ್ದಾಗಿನ ಕಥೆ. ಆಗ ಅವರಿಗೆ 78. ಶುರುವಿನಲ್ಲೇ ಕವಿಯ ಮನೆಗೆ ಗೆಳೆಯನೊಬ್ಬ ಬರುತ್ತಾನೆ. ಅಂದು ಬಟ್ಟೆ ಒಗೆಯುವ ದಿನ. ಮೇಲಿನ ಕಿಟಕಿಗಳಿಂದ ರಾಶಿ ರಾಶಿ ಬಟ್ಟೆ ಅಂಗಳಕ್ಕೆ ಬೀಳುತ್ತಿರುತ್ತದೆ. ಈ ಮನೆಯಲ್ಲಿ ಒಗೆಯುವುದು ವರ್ಷಕ್ಕೊಂದೇ ಸಲ ಎಂದು ಅವನಿಗೆ ತಿಳಿಯುತ್ತದೆ. ಇಡೀ ವರ್ಷಕ್ಕೆ ಸಾಲುವಷ್ಟು ಬಟ್ಟೆ ಇರುವ ಮನೆ ಎಂಥದ್ದು ಎಂದು ನಮಗೂ ತಿಳಿಯುತ್ತದೆ. ಇತಿಹಾಸದ ಪಾಠ ಒಂದು ಸಾಲೂ ಇಲ್ಲ. ಇದಕ್ಕೆ ಅಮೆರಿಕದ ವಿಮರ್ಶಕರ ದೊಡ್ಡ ಪ್ರಶಸ್ತಿಯೂ ಬಂತು. 2000ದಲ್ಲಿ ಅವರು ತೀರಿಕೊಂಡರು.

ಓದುವುದಾದರೆ 'ಆಫ್‌ಶೋರ್'ನಿಂದ ಶುರು ಮಾಡಿ. ಚಿಕ್ಕದು, ಆದರೆ ಅವಸರದಲ್ಲಿ ಓದಬೇಡಿ. ದೋಣಿಗಳ ನಡುವೆ ಓಡಾಡಿಕೊಂಡಿರುವ ಇಬ್ಬರು ಹುಡುಗಿಯರು ಬರುವ ಪುಟಗಳನ್ನಂತೂ ಎರಡು ಸಲ ಓದಿ.