ಮೂರು ಓಟು, ಒಂದೇ ಗುಂಪು: ಸೊಸೆ ಏನು ಮಾಡಬೇಕು?

ಪ್ರಶ್ನೆ: ಸರ್, ನಾನು ಹೊಸದುರ್ಗ ತಾಲ್ಲೂಕಿನ ಹಳ್ಳಿಯೊಂದರ ಸೊಸೆ. ನಮ್ಮ ಕ್ಷೇತ್ರಕ್ಕೆ ಗ್ರಾಮ ಪಂಚಾಯ್ತಿಯ ಮೂರು ಸ್ಥಾನ. ನಮ್ಮ ಮಾವನವರ ತಮ್ಮ ನಿಲ್ಲುತ್ತಾರಂತೆ. ಅವರೂ ಇನ್ನಿಬ್ಬರೂ ಸೇರಿ ಒಂದು ಗುಂಪು. ‘ಮೂರೂ ಓಟು ಗುಂಪಿಗೇ’ ಅಂತ ಮನೆಯಲ್ಲಿ ತೀರ್ಮಾನವಾಗಿದೆ. ಗುಂಪಿನಲ್ಲಿ ಒಬ್ಬರು ಜೆಸಿಬಿ ಇಟ್ಟಿರುವ ಗುತ್ತಿಗೆದಾರರು. ಬೇಸಿಗೆಯಲ್ಲಿ ಫ್ರೀ ಟ್ಯಾಂಕರ್ ಬಿಟ್ಟರು, ಗುಡಿಗೆ ಶೀಟ್ ಹಾಕಿಸಿದರು. ಇನ್ನೊಬ್ಬರು ಹಿಂದಿನ ಮೆಂಬರ್. ಗುಂಪಿನ ಹೊರಗೆ, ನಮ್ಮ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುವ ಅಕ್ಕ ನಿಲ್ಲುತ್ತಿದ್ದಾರೆ. ಆದರೆ ಬ್ಯಾನರ್‌ನಲ್ಲಿ ಅವರ ಗಂಡನ ಫೋಟೊನೇ ದೊಡ್ಡದು. ಯಾರು ಯೋಗ್ಯರು ಅಂತ ಹೇಗೆ ತಿಳಿಯೋದು?
– ಹೆಸರು ಬೇಡ

ಉತ್ತರ: ತಂಗಿ, ಪಂಚಾಯ್ತಿ ಕಾರ್ಯದರ್ಶಿಯಾಗಿ ಚಿತ್ರದುರ್ಗ ಜಿಲ್ಲೆಯಲ್ಲೇ ಸವೆದವನು ನಾನು. ಮೆಂಬರ್‌ಗಳನ್ನು ವೇದಿಕೆ ಮೇಲೆ ನೋಡಿದ್ದು ಕಡಿಮೆ, ಮೀಟಿಂಗ್ ಹಾಲ್‌ನಲ್ಲಿ ನೋಡಿದ್ದೇ ಜಾಸ್ತಿ. ಅಲ್ಲಿಂದ ಕಂಡದ್ದನ್ನು ಹೇಳುತ್ತೇನೆ.

ಮೊದಲು ಓಟಿನ ಲೆಕ್ಕ. ಮೂರು ಸ್ಥಾನ ಅಂದರೆ ನಿಮಗೆ ಮೂರು ಮತ, ಒಬ್ಬರಿಗೆ ಒಂದೇ. ಮೂರನ್ನೂ ಹಾಕಲೇಬೇಕು ಅಂತೇನಿಲ್ಲ. ಮೂರಕ್ಕಿಂತ ಜಾಸ್ತಿ ಮುದ್ರೆ ಒತ್ತಿದರೆ ಮಾತ್ರ ಮತ ಕುಲಗೆಟ್ಟಿತು. ಇದನ್ನು ಯಾಕೆ ಹೇಳಿದೆ ಅಂದರೆ, ‘ಚಿಕ್ಕಮಾವನಿಗೆ ಒಂದು ಇರಲಿ, ಉಳಿದದ್ದು ನನ್ನಿಷ್ಟ’ ಅಂತ ನೀವು ಯೋಚಿಸುತ್ತಿರಬಹುದು. ಅದೂ ಪುಕ್ಕಟೆ ಅಲ್ಲ. ಮುಲಾಜಿಗೆ ಹಾಕಿದ ಒಂದು ಓಟು, ನೀವು ಮೆಚ್ಚಿ ಹಾಕಿದವರನ್ನೇ ಸೋಲಿಸಬಹುದು. ಯಾವ ಸ್ಥಾನ ಯಾವ ಮೀಸಲಾತಿಗೆ ಅಂತ ನೋಡಿಕೊಂಡು ಆಮೇಲೆ ತೀರ್ಮಾನ ಮಾಡಿ.

ಗ್ರಾಮ ಪಂಚಾಯ್ತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಹಾಗಾಗಿ ‘ಪಕ್ಷ ನೋಡಿ ಹಾಕಿದೆ’ ಅನ್ನುವ ನೆಪವೂ ಇಲ್ಲ. ಆ ಜಾಗದಲ್ಲಿ ಬಂದು ಕೂತದ್ದು ನಿಮ್ಮ ಮನೆಯವರು ಹೇಳುವ ಗುಂಪು.

ಈಗ ಟ್ಯಾಂಕರ್ ವಿಷಯ. ಬಾಯಾರಿದವರಿಗೆ ನೀರು ಕೊಟ್ಟವರನ್ನು ನಾನು ಹಗುರವಾಗಿ ಮಾತಾಡಲ್ಲ. ಆದರೆ ಟ್ಯಾಂಕರ್ ಮೇಲೆ ಇವರ ಫೋಟೊ, ಬಾಡಿಗೆ ಬಿಲ್ಲು ಪಂಚಾಯ್ತಿಗೆ, ಹೀಗೂ ಇರುತ್ತದೆ. ಬಿಲ್ಲು ಯಾರ ಹೆಸರಿಗೆ ಹೋಯಿತು ಅಂತ ಮೊದಲು ಕೇಳಿ. ಎರಡನೆಯದು, ಟ್ಯಾಂಕರ್ ಯಾಕೆ ಬೇಕಾಯಿತು? ಬೋರ್ ಬತ್ತಿದ್ದಕ್ಕೋ, ಸುಟ್ಟ ಮೋಟಾರು ರಿಪೇರಿ ಆಗದೆ ಬಿದ್ದಿದ್ದಕ್ಕೋ? 1980ರ ದಶಕದಲ್ಲಿ ಪಂಚಾಯತ್ ರಾಜ್ ಮಂತ್ರಿಯಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರನ್ನು ಜನ ‘ನೀರ್ ಸಾಬ್’ ಅಂದದ್ದು ಹಳ್ಳಿಹಳ್ಳಿಗೆ ಬೋರ್ ಕೊರೆಸಿದ್ದಕ್ಕೆ.

ನಿಮ್ಮೂರಿನ ನೀರುಗಂಟಿಯನ್ನು ಮಾತಾಡಿಸಿ. ರಾತ್ರಿ ಪೈಪ್ ಒಡೆದರೆ ಯಾವ ಮೆಂಬರ್ ಫೋನ್ ಎತ್ತುತ್ತಾರೆ, ಯಾರು ‘ನಮ್ಮ ಬೀದಿಗೆ ಮೊದಲು ಬಿಡು’ ಅಂತ ಗದರುತ್ತಾರೆ, ಅವರಷ್ಟು ಚೆನ್ನಾಗಿ ಬಲ್ಲವರಿಲ್ಲ. ಬಿಲ್ ಕಲೆಕ್ಟರನ್ನೂ ವಿಚಾರಿಸಿ. ಕಂದಾಯವನ್ನು ವರ್ಷಗಟ್ಟಲೆ ಬಾಕಿ ಇಟ್ಟು, ನಾಮಪತ್ರ ಹಾಕುವ ವಾರದಲ್ಲಿ ಓಡಿ ಬಂದು ಕಟ್ಟುವ ದೊಡ್ಡ ಮನುಷ್ಯರು ನನ್ನ ಕಾಲದಲ್ಲೂ ಇದ್ದರು. ಅವರೇ ಗುಡಿ ಚಂದಾ ಪಟ್ಟಿಯಲ್ಲಿ ಮೊದಲನೆಯವರು!

ಜೆಸಿಬಿ ಇದ್ದ ಮಾತ್ರಕ್ಕೆ ಕೆಟ್ಟವರಲ್ಲ. ಆದರೆ ಪಂಚಾಯ್ತಿಯ ಕಾಮಗಾರಿಯಲ್ಲಿ ಅದೇ ಪಂಚಾಯ್ತಿಯ ಸದಸ್ಯ ಪಾಲು ಇಟ್ಟುಕೊಳ್ಳುವಂತಿಲ್ಲ, ಸದಸ್ಯತ್ವಕ್ಕೇ ಕುತ್ತು. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದು ಇದೆ. ಅದಕ್ಕೇ ಬಿಲ್ಲು ಬಾಮೈದನ ಹೆಸರಿಗೆ ಹೋಗುವುದು. ‘ಗೆದ್ದರೆ ನಿಮ್ಮ ಜೆಸಿಬಿ ಯಾವ ಊರಲ್ಲಿ ಓಡುತ್ತದೆ?’ ಅಂತ ಮನೆಗೆ ಬಂದಾಗ ನಗುತ್ತಲೇ ಕೇಳಿ. ನೇರವಾಗಿ ಉತ್ತರ ಕೊಟ್ಟರೆ ಒಂದು ಅಂಕ ನನ್ನದೂ ಸೇರಿಸಿ.

ಹಿಂದಿನ ಮೆಂಬರ್ ವಿಷಯ ಸುಲಭ, ಯಾಕಂದರೆ ಅವರ ಕೆಲಸ ಕಾಗದದ ಮೇಲಿದೆ. ಸಭೆಯ ಹಾಜರಿ ಪುಸ್ತಕ, ನಡವಳಿ ಪುಸ್ತಕ ಎರಡೂ ಪಂಚಾಯ್ತಿಯಲ್ಲಿರುತ್ತವೆ. ಸುಮ್ನೆ ತೋರಿಸದಿದ್ದರೆ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. 30 ದಿನದೊಳಗೆ ಉತ್ತರ ಕೊಡಬೇಕು, ಹಾಗಾಗಿ ಚುನಾವಣೆ ಘೋಷಣೆಗೆ ಕಾಯಬೇಡಿ. ಹಾಜರಿ ನೋಡಿ ಮರುಳಾಗಬೇಡಿ. ಸಹಿ ಹಾಕಿ, ಟೀ ಕುಡಿದು, ಬೈಕ್ ಹತ್ತಿದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ನಡವಳಿಯಲ್ಲಿ ಅವರು ಯಾವ ವಿಷಯ ಎತ್ತಿದ್ದಾರೆ ನೋಡಿ. ವರ್ಷಕ್ಕೆ ಎರಡು ಸಲವಾದರೂ ಗ್ರಾಮಸಭೆ ಆಗಬೇಕು. ಮನೆ ಇಲ್ಲದವರ ಪಟ್ಟಿ ಅಲ್ಲೇ ಆಗುವುದು. ನಿಮ್ಮ ಊರಲ್ಲಿ ಡಂಗುರ ಹೊಡೆಸಿ ಸಭೆ ಮಾಡಿದರೋ, ನಾಲ್ಕು ಜನರ ಸಹಿ ತೆಗೆದುಕೊಂಡು ‘ಆಯಿತು’ ಅಂತ ಬರೆಸಿದರೋ? ಐದು ವರ್ಷದ ಮೆಂಬರ್‌ಗಿರಿಯನ್ನು ನಾನಾಗಿದ್ದರೆ ಇದೊಂದರಲ್ಲೇ ಅಳೆಯುತ್ತೇನೆ.

ಇನ್ನು ಸಂಘದ ಅಕ್ಕ. ಬ್ಯಾನರ್ ನೋಡಿ ನನಗೂ ಬೇಸರವೇ. ಪಂಚಾಯ್ತಿಯಲ್ಲಿ ಅರ್ಧ ಸ್ಥಾನ ಹೆಂಗಸರಿಗೆ ಮೀಸಲು. ಆದರೂ ಗಂಡನೇ ಬಂದು ‘ನಾನು ಮೆಂಬರ್’ ಅಂತ ಕುರ್ಚಿ ಎಳೆದುಕೊಂಡು ಕೂತದ್ದನ್ನು ನೋಡಿದ್ದೇನೆ. ಆದರೆ ಬ್ಯಾನರ್‌ಗೆ ದುಡ್ಡು ಕೊಟ್ಟವನು ಗಂಡ, ಫೋಟೊ ಇಟ್ಟವನು ಡಿಟಿಪಿ ಹುಡುಗ. ಅಷ್ಟಕ್ಕೇ ಆಕೆಯನ್ನು ಬಿಡಬೇಡಿ. ಸಂಘದ ಲೆಕ್ಕ ನೀವೇ ನೋಡಿದ್ದೀರಿ. ಪುಸ್ತಕ ಸರಿಯಾಗಿದೆಯಾ? ಸಾಲದ ಕಂತು ತಪ್ಪಿದವರನ್ನು ಹೇಗೆ ನಡೆಸಿಕೊಂಡರು? ಬ್ಯಾಂಕ್‌ಗೆ ಒಬ್ಬರೇ ಹೋಗುತ್ತಾರಾ? ಹತ್ತು ಹನ್ನೆರಡು ಹೆಂಗಸರ ಜಗಳ ಬಿಡಿಸಿ ಲೆಕ್ಕ ಒಪ್ಪಿಸಿದವರಿಗೆ ಪಂಚಾಯ್ತಿ ಸಭೆ ಹೊಸದೇನಲ್ಲ. ಗಂಡ ಇಲ್ಲದಾಗ ಒಂದು ಸಲ ಕೂತು ಮಾತಾಡಿ, ‘ಮೀಟಿಂಗ್‌ಗೆ ನೀನೇ ಹೋಗ್ತೀಯಾ ಅಕ್ಕ?’ ಅಂತ ಬಾಯಿಬಿಟ್ಟು ಕೇಳಿ. ನಿಮ್ಮ ಪತ್ರದಲ್ಲಿರುವ ನಾಲ್ವರಲ್ಲಿ, ದೂರದಿಂದ ನೋಡುವ ನನಗೆ, ಭರವಸೆ ಆಕೆಯ ಮೇಲೇ.

ಚಿಕ್ಕಮಾವನ ಬಗ್ಗೆ ನೀವು ಸಂಬಂಧ ಬಿಟ್ಟು ಬೇರೇನೂ ಬರೆದಿಲ್ಲ. ಅದನ್ನು ನಾನು ಗಮನಿಸಿದೆ.

ಮನೆಯಲ್ಲಿ ಜಗಳ ಬೇಡ. ‘ಆಯ್ತು ಮಾವ’ ಅನ್ನಿ, ಮುದ್ರೆ ಒತ್ತುವಾಗ ಪರದೆ ಹಿಂದೆ ನೀವೊಬ್ಬರೇ ಇರುತ್ತೀರಿ. ಹೊಸದುರ್ಗದವರಿಗೆ ಇದನ್ನು ಹೇಳಿಕೊಡಬೇಕಾ? 1962ರಲ್ಲಿ ಎಸ್. ನಿಜಲಿಂಗಪ್ಪನವರಂಥವರನ್ನೇ ಸೋಲಿಸಿ ಕಳಿಸಿದ ಕ್ಷೇತ್ರ ನಿಮ್ಮದು. ಆ ತೀರ್ಪು ಸರಿಯೋ ತಪ್ಪೋ, ಆ ಮಾತು ಬೇರೆ.

ಪ್ರಶ್ನೆ: ಪಾಲಿಕೆ ಚುನಾವಣೆಯಲ್ಲಿ ಎರಡೂ ಕಡೆಯವರ ದುಡ್ಡು ಇಸಕೊಂಡು ಮನಸ್ಸಿಗೆ ಬಂದವರಿಗೆ ಹಾಕಿದರೆ ತಪ್ಪೇನು?
– ಓದುಗ, ದಾವಣಗೆರೆ

ಉತ್ತರ: ಕಾನೂನಿನಲ್ಲಿ ಕೊಟ್ಟವನಷ್ಟೇ ತಗೊಂಡವನೂ ತಪ್ಪಿತಸ್ಥ, ಒಂದು ವರ್ಷದವರೆಗೆ ಜೈಲಿಗೂ ಅವಕಾಶವಿದೆ. ಅದಿರಲಿ. ನಾಳೆ ಚರಂಡಿ ಕಟ್ಟಿಕೊಂಡಾಗ ನೀವು ಫೋನ್ ಮಾಡುವುದು ಗೆದ್ದವರಿಗೇ ಅಲ್ವಾ? ‘ನಿಮ್ಮ ಮನೆಗೆ ತಲುಪಿಸಿದ್ದೆನಲ್ಲ’ ಅಂತ ಅವರು ಅಂದರೆ ಏನು ಹೇಳುತ್ತೀರಿ? ಅದಕ್ಕಿಂತ ಮೊದಲು, ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಯಾವ ವಾರ್ಡ್‌ನಲ್ಲಿದೆ ಅಂತ ನೋಡಿಕೊಳ್ಳಿ. 45 ವಾರ್ಡ್‌ಗಳ ಊರಲ್ಲಿ ಗಂಡನ ಹೆಸರು ಒಂದರಲ್ಲಿ, ಹೆಂಡತಿಯದು ಪಕ್ಕದ್ದರಲ್ಲಿ ಇದ್ದರೆ ಆಶ್ಚರ್ಯವಿಲ್ಲ.