ಅಜ್ಜಿ ಹೆಬ್ಬೆಟ್ಟು ಒತ್ತಿದ್ದಾರೆ, ನನಗೆ ನಿದ್ದೆಯಿಲ್ಲ

ಪ್ರಶ್ನೆ: ಅಕ್ಕಾ, ನಾನು ಕಾಸರಗೋಡಿನ ಬದಿಯಡ್ಕ ಕಡೆಯವಳು. ಕೊರಗ ಆದಿವಾಸಿಗಳ ಹಕ್ಕುಗಳಿಗಾಗಿ ದುಡಿಯುವ ಸಂಸ್ಥೆಯಲ್ಲಿ ವರದಿ, ಫೋಟೊ, ಮನವಿಪತ್ರಗಳ ಕೆಲಸ ನನ್ನದು. ಬುಟ್ಟಿ ಹೆಣೆಯುತ್ತಿದ್ದ ಅಜ್ಜಿಯೊಬ್ಬರು ತೀರಿಹೋದ ಮಗನನ್ನು ನೆನೆದು ಅತ್ತರು. ಅದನ್ನು ಫೋಟೊ ಸಮೇತ ತಿರುವನಂತಪುರಕ್ಕೆ ಹೋಗುವ ವರದಿಗೆ ಹಾಕಬೇಕಂತೆ. ಕಣ್ಣೀರಿಲ್ಲದಿದ್ದರೆ ಯಾರೂ ಓದುವುದಿಲ್ಲವಂತೆ. ಒಪ್ಪಿಗೆಪತ್ರಕ್ಕೆ ಅಜ್ಜಿ ಹೆಬ್ಬೆಟ್ಟು ಒತ್ತಿದ್ದಾರೆ. ಆದರೂ ನನಗೆ ನಿದ್ದೆ ಬರುತ್ತಿಲ್ಲ. ಕೆಲಸ ಬಿಡಲೇ?

ಉತ್ತರ: ಬಿಡಬೇಡಿ ತಂಗೀ. ನಿದ್ದೆಗೆಡುವವರೇ ಆ ಕೆಲಸದಲ್ಲಿರಬೇಕು.

ಆ ಒಪ್ಪಿಗೆಪತ್ರವನ್ನು ಅಜ್ಜಿಗೆ ಯಾರಾದರೂ ಓದಿ ಹೇಳಿದ್ದರೇ? ರೇಶನ್ ಕಾರ್ಡು, ಪಿಂಚಣಿ ಎಂದು ಅವರ ಅಂಗಳಕ್ಕೆ ಬರುವವರು ನೀವು. ನಿಮಗೆ 'ಬೇಡ' ಎನ್ನಲು ಅವರಿಗೆ ಬಾಯಿ ಬಂದೀತೇ? ಇನ್ನೊಮ್ಮೆ ಹೋಗಿ. ಬರೆದದ್ದನ್ನು ತುಳುವಿನಲ್ಲಿ ನಿಧಾನವಾಗಿ ಹೇಳಿ, ಫೋಟೊ ತೋರಿಸಿ. ಬೇಡವೆಂದರೂ ಪಿಂಚಣಿಯ ಕೆಲಸ ನಿಲ್ಲದು ಎಂಬುದನ್ನು ಮೊದಲೇ ತಿಳಿಸಿ. ವಾರ ಬಿಟ್ಟು ಕೇಳಿ. ತಡವರಿಸಿದರೆ 'ಬೇಡ' ಎಂದೇ ತಿಳಿಯಿರಿ.

ಕಾಗದದ ಕೊನೆಗೆ ಚಿಕ್ಕದಾಗಿ ಬರೆದಿದ್ದೀರಿ: ಅಳುವ ಮೊದಲು ಅಜ್ಜಿ ಅರ್ಧ ಹೆಣೆದ ಬುಟ್ಟಿಯನ್ನು ಎತ್ತಿ ಹಿಡಿದು, 'ಬಳ್ಳಿಗೆ ಕಾಡಿಗೆ ಹೋದರೆ ಅಟ್ಟುತ್ತಾರೆ ಮಗಾ' ಅಂದರಂತೆ. ನನ್ನ ಮನಸ್ಸು ನಿಂತದ್ದು ಅಲ್ಲಿ. ಬಿದಿರು, ಬೆತ್ತ, ಗೆಡ್ಡೆಗಳಂಥ ಕಿರು ಅರಣ್ಯ ಉತ್ಪನ್ನಗಳನ್ನು ಹಿಂದಿನಿಂದ ತರುತ್ತಿದ್ದ ಆದಿವಾಸಿಗಳಿಗೆ 2006ರ ಅರಣ್ಯ ಹಕ್ಕು ಕಾಯ್ದೆ ಅವುಗಳ ಒಡೆತನವನ್ನೇ ಕೊಡುತ್ತದೆ. ಯಾವ ಗುಡ್ಡದಲ್ಲಿ ಯಾವ ಬಳ್ಳಿ, ಯಾವ ತಿಂಗಳು ಕೊಯ್ಯುತ್ತಿದ್ದರು, ಯಾವ ವರ್ಷದಿಂದ ಅಟ್ಟತೊಡಗಿದರು, ಎಲ್ಲವನ್ನೂ ಅಜ್ಜಿಯಿಂದ ಕೇಳಿ ಬರೆದುಕೊಳ್ಳಿ. ಪಕ್ಕದ ಊರಿನ ಹಿರಿಯರನ್ನೂ ಕೇಳಿ. ಈ ಹಕ್ಕಿಗೆ ಅರ್ಜಿ ಹಾಕಿದವರಲ್ಲದ ಹಿರಿಯರು ಹೇಳಿ ಬರೆಸಿದ್ದು ಆ ಕಾಯ್ದೆಯ 2008ರ ನಿಯಮಗಳಂತೆ ಪುರಾವೆಯೇ. ಆಮೇಲೆ ಅದನ್ನು ಊರುಕೂಟದ, ಅಂದರೆ ಆದಿವಾಸಿ ಊರಿನವರ ಸಭೆಯ, ಮುಂದಿಡಿ. (ಇಂಥ ಊರುಗಳಿಗೆ 'ಕಾಲನಿ' ಎಂಬ ಪದವನ್ನು ಕೇರಳ ಸರ್ಕಾರವೇ 2024ರಲ್ಲಿ ಕೈಬಿಟ್ಟಿತು. ನಿಮ್ಮ ವರದಿಯಲ್ಲಿದ್ದರೆ ದಯವಿಟ್ಟು ತೆಗೆಯಿರಿ.)

ಮನವಿಯನ್ನು ಕನ್ನಡದಲ್ಲೇ ಬರೆಯಿರಿ. ಇಲ್ಲಿನ ಕನ್ನಡಿಗರಿಗೆ ಸರ್ಕಾರದೊಡನೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲೇ ಇದೆ. ಅಜ್ಜಿಯ ಮೊಮ್ಮಗಳು ಕನ್ನಡ ಶಾಲೆಗೆ ಹೋಗುತ್ತಾಳೆ ಅಂದಿರಲ್ಲ, ಕೂಟದಲ್ಲಿ ಅವಳೇ ಎದ್ದು ನಿಂತು ಗಟ್ಟಿಯಾಗಿ ಓದಲಿ.

ಮೇಲಿನವರಿಗೆ ಫೋಟೊ ಬೇಕೇಬೇಕೆಂದರೆ ಆ ಅರ್ಧ ಬುಟ್ಟಿಯದ್ದು ಕೊಡಿ, ಅದೂ ಅಜ್ಜಿಯನ್ನು ಕೇಳಿಯೇ. ಮಗನ ವಿಷಯ, ಅವರಾಗಿಯೇ 'ಬರೆ' ಅನ್ನುವವರೆಗೆ ನಿಮ್ಮ ನೋಟ್‌ಬುಕ್ಕಿನಲ್ಲೇ ಇರಲಿ.